ಹಳೆಯ ವಾಹನಗಳ ಎಂಜಿನ್‌ನಲ್ಲಿ ಆಯಿಲ್ ಒತ್ತಡದ ಕುಸಿತ: ಕಾರಣವನ್ನು ಪತ್ತೆ ಹಚ್ಚುವ ಕ್ರಮ

(ಗ್ರಾಮ ಪಂಚಾಯತಿಗಳ ಮಾನ್ಯ ಸದಸ್ಯರ ಮಾಹಿತಿಗಾಗಿ)

ಗ್ರಾಮ ಪಂಚಾಯತಿಯ ಸ್ವಾಧೀನದಲ್ಲಿರುವ ಹಳೆಯ ಕಾರು, ಜೀಪು ಅಥವಾ ಕಸ ಸಾಗಿಸುವ ವಾಹನದಲ್ಲಿ ಆಯಿಲ್ ದೀಪ ಹೊತ್ತಿಕೊಂಡ ಬಳಿಕ, ಎಂಜಿನ್‌ನ ಪೂರ್ಣ ದುರಸ್ತಿಗೆ ಅಂದಾಜು ಪಟ್ಟಿಯು ಸಭೆಯ ಮುಂದೆ ಬರುವುದುಂಟು. ಅಂತಹ ದುರಸ್ತಿ ಕೆಲವೊಮ್ಮೆ ಅನಿವಾರ್ಯ. ಕೆಲವೊಮ್ಮೆಯಾದರೋ ದೋಷವಿರುವುದು ಸಣ್ಣದೊಂದು ಸ್ವಿಚ್‌ನಲ್ಲಿ. ಇವೆರಡನ್ನು ಬೇರ್ಪಡಿಸಿ ತೋರಿಸುವ ಪರೀಕ್ಷೆಗಳು ಸರಳವಾಗಿವೆ, ಅಲ್ಪ ವೆಚ್ಚದವೂ ಆಗಿವೆ. ಎಂಜಿನ್ ಬಿಚ್ಚುವ ಮೊದಲು ಅವು ನಡೆದಿವೆಯೇ ಎಂಬುದನ್ನು ವಿಚಾರಿಸಿದಲ್ಲಿ ಸಾರ್ವಜನಿಕ ಹಣವೂ ವಾಹನವೂ ಉಳಿಯುತ್ತವೆ.

1. ಒತ್ತಡ ಉಂಟಾಗುವ ಬಗೆ

ಎಂಜಿನ್‌ನ ತಳಭಾಗದ ಚೇಂಬರ್‌ನಲ್ಲಿರುವ ಆಯಿಲನ್ನು ಪಂಪು ಒಂದು ಜಾಲರಿಯ ಮೂಲಕ ಹೀರಿ, ಫಿಲ್ಟರ್ ದಾಟಿಸಿ, ಕ್ರ್ಯಾಂಕ್ ಶಾಫ್ಟ್‌ನ ಬೇರಿಂಗ್‌ಗಳಿಗೆ ಕಳುಹಿಸುತ್ತದೆ. ಶಾಫ್ಟ್ ಮತ್ತು ಬೇರಿಂಗ್ ನಡುವಣ ಸಂದು ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗಗಳಷ್ಟು ಕಿರಿದು. ಆ ಸಂದಿನಲ್ಲಿ ನಿಲ್ಲುವ ಆಯಿಲ್ ಪದರವೇ ಲೋಹಕ್ಕೆ ಲೋಹ ತಾಗದಂತೆ ಕಾಯುತ್ತದೆ.

ಇದನ್ನು ಊರಿನ ಕುಡಿಯುವ ನೀರಿನ ವ್ಯವಸ್ಥೆಗೆ ಹೋಲಿಸಬಹುದು. ಮೋಟಾರು ದುರ್ಬಲವಾದರೂ ನಲ್ಲಿಯಲ್ಲಿ ರಭಸ ಇರದು; ಮೋಟಾರು ಸರಿಯಿದ್ದು ಕೊಳವೆ ಒಡೆದಿದ್ದರೂ ರಭಸ ಇರದು. ಎಂಜಿನ್‌ನಲ್ಲಿಯೂ ಪಂಪು ಸಾಕಷ್ಟು ಆಯಿಲ್ ಕಳುಹಿಸದಿರಬಹುದು, ಬೇರಿಂಗ್ ಸವೆದು ಆಯಿಲ್ ಬೇಗನೆ ಸೋರಿಹೋಗುತ್ತಿರಬಹುದು, ಅಥವಾ ಆಯಿಲ್ ತೆಳುವಾಗಿರಬಹುದು. ಇವುಗಳ ಜೊತೆಗೆ ನಾಲ್ಕನೆಯ ಸಾಧ್ಯತೆಯೂ ಇದೆ: ಒತ್ತಡ ಸರಿಯಾಗಿಯೇ ಇದ್ದು, ದೀಪವು ತಪ್ಪು ಸೂಚನೆ ನೀಡುತ್ತಿರಬಹುದು.

2. ದೀಪ ಹೊತ್ತಿದ ಕೂಡಲೇ

ಎಣ್ಣೆಗಿಂಡಿಯ ಚಿತ್ರವಿರುವ ಕೆಂಪು ದೀಪವು ಸಾಮಾನ್ಯವಾಗಿ ಒತ್ತಡವು ಸುಮಾರು ಅರ್ಧ ಬಾರ್‌ಗೆ ಕುಸಿದಾಗ ಹೊತ್ತುತ್ತದೆ. ಅಂದರೆ, ದೀಪ ಕಾಣುವ ವೇಳೆಗೆ ಒತ್ತಡ ಬಹುಮಟ್ಟಿಗೆ ಇಲ್ಲವಾಗಿರುತ್ತದೆ. ಚಾಲಕರು ವಾಹನವನ್ನು ಸುರಕ್ಷಿತವಾಗಿ ಬದಿಗೆ ನಿಲ್ಲಿಸಿ ಎಂಜಿನ್ ಆರಿಸತಕ್ಕದ್ದು. ಪಂಚಾಯತಿ ಕಚೇರಿ ಸಮೀಪವೇ ಇದೆಯೆಂದು ಓಡಿಸಿಕೊಂಡು ಬಂದಲ್ಲಿ ಬೇರಿಂಗ್ ಕಚ್ಚಿಕೊಂಡು ಶಾಫ್ಟ್ ಹಾಳಾಗುವ ಸಂಭವವಿದೆ. ಕೆಲಸ ಅರ್ಧಕ್ಕೆ ನಿಲ್ಲಿಸಿದ ಚಾಲಕರನ್ನು ಈ ಕಾರಣಕ್ಕೆ ಆಕ್ಷೇಪಿಸುವುದು ಸಲ್ಲದು.

3. ಪರೀಕ್ಷೆಗಳ ಕ್ರಮ

(ಅ) ಆಯಿಲ್ ಮಟ್ಟ: ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಕೆಲವು ನಿಮಿಷಗಳ ನಂತರ ಅಳತೆಯ ಕಡ್ಡಿಯನ್ನು ತೆಗೆದು ನೋಡಬೇಕು. ಕೆಳಗಿನ ಗುರುತಿಗಿಂತ ಕಡಿಮೆ ಇದ್ದಲ್ಲಿ ಆಯಿಲ್ ತುಂಬಿ, ಕಡಿಮೆಯಾದುದು ಸೋರಿಕೆಯಿಂದಲೋ ಎಂಜಿನ್ ಆಯಿಲ್ ಸುಡುತ್ತಿರುವುದರಿಂದಲೋ ಎಂಬುದನ್ನು ಪರಿಶೀಲಿಸಬೇಕು.

(ಆ) ಆಯಿಲ್ ಗುಣ: ಡೀಸೆಲ್ ಅಥವಾ ಪೆಟ್ರೋಲ್ ವಾಸನೆ ಬರುತ್ತಿದ್ದು, ತುಂಬದೆಯೇ ಮಟ್ಟ ಏರಿದ್ದರೆ ಇಂಧನ ಬೆರೆತು ಆಯಿಲ್ ತೆಳುವಾಗಿದೆ ಎಂದರ್ಥ. ಹಾಲು ಬೆರೆಸಿದಂತೆ ಕಂಡರೆ ನೀರು ಸೇರಿದೆ. ಇಂತಲ್ಲಿ ಮೂಲ ದೋಷವನ್ನು ಸರಿಪಡಿಸದೆ ಆಯಿಲ್ ಬದಲಿಸಿ ಪ್ರಯೋಜನವಿಲ್ಲ. ತಯಾರಕರು ಸೂಚಿಸಿದ ದರ್ಜೆಯ ಆಯಿಲ್ ಹಾಕಲಾಗಿದೆಯೇ ಎಂಬುದನ್ನೂ ಲಾಗ್ ಪುಸ್ತಕದಿಂದ ತಿಳಿಯಬೇಕು.

(ಇ) ದೀಪ, ವೈರು, ಸ್ವಿಚ್: ಹಳೆಯ ವಾಹನಗಳಲ್ಲಿ ಸಾಮಾನ್ಯವಾಗಿ ಸ್ವಿಚ್‌ನ ವೈರು ಕಳಚಿದರೆ ದೀಪ ಆರಬೇಕು. ಆರದಿದ್ದರೆ ವೈರು ಎಲ್ಲಿಯೋ ಸವೆದು ವಾಹನದ ಮೈಗೆ ತಾಗುತ್ತಿದೆ. ಇದಕ್ಕೆ ವಿರುದ್ಧವಾಗಿ, ಕೀಲಿ ತಿರುಗಿಸಿ ಎಂಜಿನ್ ಚಾಲೂ ಮಾಡುವ ಮೊದಲು ದೀಪ ಹೊತ್ತದಿದ್ದರೆ ಅದು ಇನ್ನೂ ಅಪಾಯಕರ. ಆ ವಾಹನಕ್ಕೆ ಎಚ್ಚರಿಕೆಯೇ ಇಲ್ಲದಂತಾಗಿದೆ.

(ಈ) ಗೇಜ್ ಪರೀಕ್ಷೆ: ಸ್ವಿಚ್ ತೆಗೆದು ಆ ಸ್ಥಳದಲ್ಲಿ ಪ್ರೆಷರ್ ಗೇಜ್ ಕೂರಿಸಿ, ಎಂಜಿನ್ ತಣ್ಣಗಿರುವಾಗಲೂ ಚೆನ್ನಾಗಿ ಬಿಸಿಯಾದ ಮೇಲೂ ಒತ್ತಡವನ್ನು ಅಳೆಯಬೇಕು. ದೀಪವು ಇದೆ ಅಥವಾ ಇಲ್ಲ ಎಂದಷ್ಟೇ ಹೇಳುತ್ತದೆ. ಎಷ್ಟಿದೆ ಎಂಬುದನ್ನು ಹೇಳುವುದು ಗೇಜ್ ಮಾತ್ರ.

4. ಗೇಜ್ ಅಂಕಿಗಳ ಅರ್ಥ

ಎಂಜಿನ್ ವೇಗದ ಪ್ರತಿ 1,000 ಸುತ್ತಿಗೆ ಸುಮಾರು 10 ಪೌಂಡ್, ಅಂದರೆ ಸುಮಾರು 0.7 ಬಾರ್ ಒತ್ತಡ ಇರಬೇಕೆಂಬುದು ಮೆಕ್ಯಾನಿಕ್‌ಗಳ ರೂಢಿಯ ಲೆಕ್ಕ. ಆಯಾ ವಾಹನದ ಕೈಪಿಡಿಯಲ್ಲಿರುವ ಅಂಕಿಯೇ ಅಂತಿಮ.

ಗೇಜ್‌ನಲ್ಲಿ ಒತ್ತಡ ಸರಿಯಿದ್ದರೆ ದೋಷ ಸ್ವಿಚ್ ಅಥವಾ ವೈರಿನದು. ಎಂಜಿನ್ ಬಿಚ್ಚುವ ಅಗತ್ಯವಿಲ್ಲ. ತಣ್ಣಗಿರುವಾಗ ಸರಿಯಿದ್ದು, ಬಿಸಿಯಾದ ಮೇಲೆ ನಿಧಾನ ವೇಗದಲ್ಲಿ ಬಹಳ ಇಳಿದು, ವೇಗ ಹೆಚ್ಚಿಸಿದಾಗ ಮತ್ತೆ ಏರಿದರೆ ಆಯಿಲ್ ತೆಳುವಾಗಿರಬಹುದು, ಇಲ್ಲವೇ ಬೇರಿಂಗ್ ಸವೆದಿರಬಹುದು. ತಣ್ಣಗಿದ್ದರೂ ಬಿಸಿಯಿದ್ದರೂ ಕಡಿಮೆಯೇ ಇದ್ದು, ವೇಗಕ್ಕೂ ಏರದಿದ್ದರೆ ಒತ್ತಡ ನಿಯಂತ್ರಿಸುವ ರಿಲೀಫ್ ವಾಲ್ವ್ ತೆರೆದಂತೆಯೇ ಸಿಕ್ಕಿಕೊಂಡಿರಬಹುದು ಅಥವಾ ಪಂಪು ಸವೆದಿರಬಹುದು. ವೇಗ ಹೆಚ್ಚಿದಂತೆ ಒತ್ತಡ ಇಳಿಯುವುದಾದರೆ ಚೇಂಬರ್‌ನೊಳಗಿನ ಜಾಲರಿಗೆ ಕೆಸರು ಕಟ್ಟಿರುವ ಶಂಕೆ ಬಲವಾಗುತ್ತದೆ.

ಅನೇಕ ವಾಹನಗಳಲ್ಲಿ ಎಂಜಿನ್ ಇಳಿಸದೆಯೇ ಚೇಂಬರ್ ಕಳಚಿ ಜಾಲರಿ, ಪಂಪು ಹಾಗೂ ಬೇರಿಂಗ್‌ಗಳನ್ನು ನೋಡಬಹುದು. ಬೂದು ಬಣ್ಣದ ಬೇರಿಂಗ್ ಪದರ ಸವೆದು ಒಳಗಿನ ತಾಮ್ರದ ಬಣ್ಣ ಕಾಣುತ್ತಿದ್ದರೆ ಅದನ್ನು ಬದಲಿಸಲೇಬೇಕು. ಆಗ ಶಾಫ್ಟನ್ನೂ ಮೈಕ್ರೋಮೀಟರಿನಿಂದ ಅಳೆಯಬೇಕು. ಸವೆದ ಶಾಫ್ಟ್‌ಗೆ ಹೊಸ ಬೇರಿಂಗ್ ಹಾಕಿದಲ್ಲಿ ಒತ್ತಡ ನಿಲ್ಲದು.

5. ದಪ್ಪ ಆಯಿಲ್ ಪರಿಹಾರವಲ್ಲ

ಸೂಚಿತ ದರ್ಜೆಗಿಂತ ದಪ್ಪನೆಯ ಆಯಿಲ್ ಅಥವಾ ಒತ್ತಡ ಹೆಚ್ಚಿಸುವುದೆಂದು ಮಾರುವ ದ್ರಾವಣ ಹಾಕಿದರೆ ದೀಪ ಆರಬಹುದು; ಸವೆತ ಮಾತ್ರ ಮುಂದುವರಿಯುತ್ತದೆ. ಮುಂಜಾನೆಯ ಚಳಿಯಲ್ಲಿ ಚಾಲೂ ಮಾಡಿದಾಗ ದಪ್ಪ ಆಯಿಲ್ ಮೇಲಿನ ಭಾಗಗಳನ್ನು ತಲುಪಲು ತಡವಾಗುವುದರಿಂದ ಹಾನಿ ಹೆಚ್ಚುವುದೂ ಉಂಟು.

6. ಸಭೆಯಲ್ಲಿ ಪರಿಶೀಲಿಸಬೇಕಾದ ಅಂಶಗಳು

ಎಂಜಿನ್ ದುರಸ್ತಿಯ ಅಂದಾಜು ಪಟ್ಟಿ ಮಂಡನೆಯಾದಾಗ ಮಾನ್ಯ ಸದಸ್ಯರು ಈ ಕೆಳಕಂಡ ವಿವರಗಳನ್ನು ಕೇಳಿ ಪಡೆಯುವುದು ಸೂಕ್ತ:

- ತಣ್ಣಗಿದ್ದಾಗ ಮತ್ತು ಬಿಸಿಯಾದಾಗ ಗೇಜ್ ತೋರಿಸಿದ ಒತ್ತಡ, ಮತ್ತು ಕೈಪಿಡಿಯಲ್ಲಿರುವ ಒತ್ತಡ.
- ಸ್ವಿಚ್ ಹಾಗೂ ವೈರಿನ ಪರೀಕ್ಷೆಯ ಫಲಿತಾಂಶ.
- ಕಳೆದ ಬಾರಿ ಆಯಿಲ್ ಮತ್ತು ಫಿಲ್ಟರ್ ಬದಲಿಸಿದ ದಿನಾಂಕ, ಕಿಲೋಮೀಟರ್ ಹಾಗೂ ಆಯಿಲ್ ದರ್ಜೆ.
- ಶಾಫ್ಟ್ ಅಳತೆಯ ವಿವರ; ಬದಲಿಸಿದ ಹಳೆಯ ಬಿಡಿಭಾಗಗಳನ್ನು ಕಚೇರಿಗೆ ಹಿಂದಿರುಗಿಸುವ ಒಪ್ಪಿಗೆ.

ದುರಸ್ತಿ ಮುಗಿದ ಬಳಿಕ ಅದೇ ಗೇಜ್‌ನಿಂದ ಮತ್ತೊಮ್ಮೆ ಒತ್ತಡ ಅಳೆದು ಲಾಗ್ ಪುಸ್ತಕದಲ್ಲಿ ದಾಖಲಿಸತಕ್ಕದ್ದು. ಪ್ರತಿದಿನ ಬೆಳಿಗ್ಗೆ ಚಾಲಕರು ಆಯಿಲ್ ಮಟ್ಟ ನೋಡಿ ಸಹಿ ಮಾಡುವ ಪದ್ಧತಿಯನ್ನು ಜಾರಿಗೆ ತಂದಲ್ಲಿ, ಆಯಿಲ್ ಕೊರತೆಯಿಂದ ಎಂಜಿನ್ ಕೆಡುವ ಪ್ರಸಂಗಗಳನ್ನು ಬಹುಮಟ್ಟಿಗೆ ತಪ್ಪಿಸಬಹುದಾಗಿದೆ.