ಹಾಲಿನ ಪ್ರೋಟೀನುಗಳ ವಂಶವಾಹಿ ನಿಯಂತ್ರಣ

ಸಸ್ತನಿಗಳ ಸ್ತನಗ್ರಂಥಿಯಲ್ಲಿ ಹಾಲಿನ ಪ್ರೋಟೀನುಗಳ ವಂಶವಾಹಿಗಳು ಯಾವಾಗ, ಎಷ್ಟು ಪ್ರಮಾಣದಲ್ಲಿ ಕೆಲಸ ಮಾಡಬೇಕು ಎಂಬುದನ್ನು ನಿರ್ಧರಿಸುವ ವ್ಯವಸ್ಥೆಯನ್ನು ಹಾಲಿನ ಪ್ರೋಟೀನುಗಳ ವಂಶವಾಹಿ ನಿಯಂತ್ರಣ ಎನ್ನುತ್ತಾರೆ. ಈ ವಂಶವಾಹಿಗಳು ದೇಹದ ಬಹುತೇಕ ಎಲ್ಲ ಜೀವಕೋಶಗಳಲ್ಲಿಯೂ, ಗಂಡು ಪ್ರಾಣಿಗಳಲ್ಲಿಯೂ ಇರುತ್ತವೆ. ಆದರೆ ಗರ್ಭಾವಸ್ಥೆಯಲ್ಲಿ ಕ್ರಮೇಣ ಜಾಗೃತಗೊಂಡು, ಹೆರಿಗೆಯ ಸಮಯಕ್ಕೆ ಪೂರ್ಣಪ್ರಮಾಣದಲ್ಲಿ ಕಾರ್ಯನಿರತವಾಗುವುದು ಸ್ತನಗ್ರಂಥಿಯ ಸ್ರಾವಕ ಕೋಶಗಳಲ್ಲಿ ಮಾತ್ರ.

ಪ್ರೋಟೀನುಗಳು ಮತ್ತು ವಂಶವಾಹಿಗಳು

ಹಸುವಿನ ಹಾಲಿನ ಪ್ರೋಟೀನಿನಲ್ಲಿ ಸುಮಾರು ಶೇ. 80 ಭಾಗ ಕೇಸೀನ್. ಉಳಿದವು ಹಾಲೊಡಕಿನ ಪ್ರೋಟೀನುಗಳು. ಹಸುವಿನ ನಾಲ್ಕು ಕೇಸೀನ್ ವಂಶವಾಹಿಗಳು 6ನೆಯ ವರ್ಣತಂತುವಿನಲ್ಲಿ ಒಂದೇ ಗುಂಪಾಗಿವೆ. ಮನುಷ್ಯರಲ್ಲಿ ಕೇಸೀನ್ ಗುಂಪು 4ನೆಯ ವರ್ಣತಂತುವಿನಲ್ಲಿದೆ. ಹಾಲೊಡಕಿನಲ್ಲಿರುವ ಆಲ್ಫಾ-ಲ್ಯಾಕ್ಟಾಲ್ಬ್ಯುಮಿನ್, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ತಯಾರಾಗಲು ಅವಶ್ಯಕ. ಬೀಟಾ-ಲ್ಯಾಕ್ಟೋಗ್ಲಾಬ್ಯುಲಿನ್ ಹಸು, ಎಮ್ಮೆ, ಕುರಿಗಳ ಹಾಲಿನಲ್ಲಿದೆ. ಮನುಷ್ಯರ ಹಾಲಿನಲ್ಲಿ ಅದು ತಯಾರಾಗುವುದಿಲ್ಲ.

ಹಾರ್ಮೋನುಗಳ ಪಾತ್ರ

ಮುಖ್ಯ ಸಂದೇಶವಾಹಕ ಪಿಟ್ಯುಟರಿ ಗ್ರಂಥಿಯ ಪ್ರೊಲ್ಯಾಕ್ಟಿನ್. ಅದು ಕೋಶದ ಹೊರಪೊರೆಯ ಗ್ರಾಹಿಗೆ ಅಂಟಿದಾಗ ಒಳಭಾಗದಲ್ಲಿ ಜಾಕ್2 ಎಂಬ ಕಿಣ್ವ ಚುರುಕಾಗುತ್ತದೆ. ಈ ಕಿಣ್ವವು ಸ್ಟ್ಯಾಟ್5 ಎಂಬ ಪ್ರೋಟೀನಿಗೆ ಫಾಸ್ಫೇಟನ್ನು ಸೇರಿಸುತ್ತದೆ. ಆಗ ಸ್ಟ್ಯಾಟ್5 ಅಣುಗಳು ಜೋಡಿಯಾಗಿ ಕೋಶಕೇಂದ್ರವನ್ನು ಪ್ರವೇಶಿಸಿ, ಕೇಸೀನ್ ಮೊದಲಾದ ವಂಶವಾಹಿಗಳ ನಿಯಂತ್ರಕ ಭಾಗಗಳಿಗೆ ಅಂಟಿಕೊಂಡು ಆರ್.ಎನ್.ಎ. ತಯಾರಿಕೆಯನ್ನು ಹೆಚ್ಚಿಸುತ್ತವೆ. ಸ್ಟ್ಯಾಟ್5ಎ ಇಲ್ಲದಂತೆ ಮಾಡಿದ ಇಲಿಗಳು ಮರಿಗಳಿಗೆ ಸಾಕಷ್ಟು ಹಾಲೂಡಿಸಲಾರವೆಂದು 1997ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು.

ಪ್ರೊಲ್ಯಾಕ್ಟಿನ್ ಒಂದರಿಂದಲೇ ಈ ಕಾರ್ಯ ಪೂರ್ಣವಾಗದು. ಅಡ್ರಿನಲ್ ಗ್ರಂಥಿಯ ಕಾರ್ಟಿಸಾಲ್‌ನಂತಹ ಹಾರ್ಮೋನುಗಳು ಮತ್ತು ಇನ್ಸುಲಿನ್ ಕೂಡ ಬೇಕು. ಪ್ರೊಲ್ಯಾಕ್ಟಿನ್ ತಯಾರಾದ ಕೇಸೀನ್ ಆರ್.ಎನ್.ಎ. ಬೇಗ ನಾಶವಾಗದಂತೆಯೂ ಕಾಪಾಡುತ್ತದೆ.

ತಡೆ ಮತ್ತು ಬಿಡುಗಡೆ

ಗರ್ಭಾವಸ್ಥೆಯಲ್ಲಿ ಪ್ರೊಲ್ಯಾಕ್ಟಿನ್ ಹೆಚ್ಚಾಗಿದ್ದರೂ ಹಾಲು ಧಾರಾಳವಾಗಿ ಸ್ರವಿಸುವುದಿಲ್ಲ. ಪ್ರೊಜೆಸ್ಟಿರಾನ್ ಅದನ್ನು ತಡೆಯುತ್ತದೆ. ಮನುಷ್ಯರಲ್ಲಿ ಇದರ ಬಹುಪಾಲು ಮಾಸಿನಿಂದ ಬರುತ್ತದೆ; ಮಾಸು ಹೊರಬಿದ್ದ ಬಳಿಕ ಅದರ ಮಟ್ಟ ಕುಸಿದು ತಡೆ ನಿವಾರಣೆಯಾಗುತ್ತದೆ. ಮಾಸಿನ ತುಣುಕು ಗರ್ಭಕೋಶದಲ್ಲಿ ಉಳಿದರೆ ಬಾಣಂತಿಗೆ ಹಾಲು ಬರುವುದು ತಡವಾಗಬಹುದು. ಆದ್ದರಿಂದ ಹಾಲು ತಡವಾದಾಗಲೆಲ್ಲ ಅದನ್ನು ತಾಯಿಯ ಆಹಾರದ ಅಥವಾ ಮನಸ್ಸಿನ ದೋಷವೆಂದು ಭಾವಿಸುವುದು ಸರಿಯಲ್ಲ. ವೈದ್ಯರ ತಪಾಸಣೆ ಅಗತ್ಯ.

ಹಾಲು ಬತ್ತುವಿಕೆ

ಮಗು ಅಥವಾ ಕರು ಹಾಲು ಕುಡಿಯುವುದನ್ನು ನಿಲ್ಲಿಸಿದಾಗ ಹಾಲು ಗ್ರಂಥಿಯಲ್ಲೇ ಸಂಗ್ರಹವಾಗುತ್ತದೆ. ಸ್ಟ್ಯಾಟ್5ರ ಚಟುವಟಿಕೆ ಇಳಿದು, ಸ್ಟ್ಯಾಟ್3 ಎಂಬ ಇನ್ನೊಂದು ಪ್ರೋಟೀನು ಸಕ್ರಿಯವಾಗುತ್ತದೆ. ಕೇಸೀನ್ ಉತ್ಪಾದನೆ ತಗ್ಗಿ, ಅನೇಕ ಸ್ರಾವಕ ಕೋಶಗಳು ನಾಶವಾಗುತ್ತವೆ.

ಉಪಯೋಗಗಳು

ಈ ನಿಯಂತ್ರಕ ಭಾಗಗಳನ್ನು ಬೇರೆ ವಂಶವಾಹಿಗೆ ಜೋಡಿಸಿದರೆ ಪ್ರಾಣಿಯ ಹಾಲಿನಲ್ಲೇ ಔಷಧವನ್ನು ಪಡೆಯಬಹುದು. ಮೇಕೆಯ ಬೀಟಾ-ಕೇಸೀನ್ ನಿಯಂತ್ರಕವನ್ನು ಬಳಸಿ, ರಕ್ತ ಅನಗತ್ಯವಾಗಿ ಹೆಪ್ಪುಗಟ್ಟುವುದನ್ನು ತಡೆಯುವ ಮಾನವ ಆಂಟಿಥ್ರಾಂಬಿನ್ ಎಂಬ ಪ್ರೋಟೀನನ್ನು ಮೇಕೆಯ ಹಾಲಿನಲ್ಲಿ ತಯಾರಿಸಲಾಯಿತು. ಎಟ್ರಿನ್ ಹೆಸರಿನ ಈ ಔಷಧಕ್ಕೆ 2006ರಲ್ಲಿ ಯುರೋಪಿನಲ್ಲಿಯೂ 2009ರಲ್ಲಿ ಅಮೆರಿಕದಲ್ಲಿಯೂ ಅನುಮೋದನೆ ದೊರೆಯಿತು.