ಭಂಕೂರದ ಮಾತು, ಗಣಕದ ಗೂಡು

ಕಡತವೇನೋ ತೆರೆದುಕೊಂಡಿತು. ಆದರೆ ಪರದೆಯ ಮೇಲೆ ಮೂಡಿದ್ದು ಕನ್ನಡವಲ್ಲ. ರೋಮನ್ ಅಕ್ಷರಗಳು, ಅವುಗಳ ತಲೆಯ ಮೇಲೆ ಚುಕ್ಕೆ, ಕೊಂಬು, ಟೋಪಿ, ನಡುನಡುವೆ ಯಾವ ಭಾಷೆಗೂ ಸೇರದ ಚಿಹ್ನೆಗಳು. ಭಂಕೂರದ ಕಲ್ಲಿನ ಖಣಿಗಳಲ್ಲಿ ದುಡಿದವರನ್ನು ಮಾತನಾಡಿಸಿ, ಆ ಮಾತನ್ನೆಲ್ಲ ತಿಂಗಳುಗಟ್ಟಲೆ ಕುಳಿತು ‘ನುಡಿ’ಯ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ್ದ ಸಂಶೋಧನಾ ವಿದ್ಯಾರ್ಥಿನಿ ನನ್ನ ಮುಖ ನೋಡಿದಳು. ಮಾರ್ಗದರ್ಶಕನೆನಿಸಿಕೊಂಡ ನನಗೂ ಅಂದು ಉತ್ತರ ಗೊತ್ತಿರಲಿಲ್ಲ. ತಂತ್ರಾಂಶ ಮಾತ್ರ ತನ್ನ ಕರ್ತವ್ಯವನ್ನು ಚಾಚೂತಪ್ಪದೆ ನಿರ್ವಹಿಸಿತು. ಹೆಚ್ಚು ಬಳಕೆಯಾದ ಪದಗಳನ್ನು ತೋರಿಸುವ ಗುಂಡಿಯನ್ನು ಒತ್ತಿದಾಗ ಆ ಅರ್ಥಹೀನ ಚಿಹ್ನೆಗಳನ್ನೇ ಎಣಿಸಿ, ಬಣ್ಣಬಣ್ಣದ ಪದಮೋಡವೊಂದನ್ನು ಕಟ್ಟಿಕೊಟ್ಟಿತು. ಮೋಡವೇನೋ ನೋಡಲು ಚೆನ್ನಾಗಿಯೇ ಇತ್ತು.

ಗುಣಾತ್ಮಕ ಸಂಶೋಧನೆಯೆಂದರೆ ಎಣಿಕೆಗೆ ಸುಲಭವಾಗಿ ಸಿಗದ ಸಾಮಗ್ರಿಯನ್ನಿಟ್ಟುಕೊಂಡು ಮಾಡುವ ಕೆಲಸ. ಸಂದರ್ಶನ, ಕ್ಷೇತ್ರ ಟಿಪ್ಪಣಿ, ಪತ್ರ, ದಿನಚರಿ ಇವೇ ಅದರ ಬಂಡವಾಳ. ಹಿಂದೆ ಇದಕ್ಕೆ ಬೇಕಾಗಿದ್ದುದು ರಟ್ಟಿನ ಕಾರ್ಡು, ಬಣ್ಣದ ಪೆನ್ಸಿಲು, ಕತ್ತರಿ ಮತ್ತು ಮನೆಯವರ ಸಹನೆ. ಒಂದೇ ವಿಷಯಕ್ಕೆ ಸೇರಿದ ಮಾತುಗಳನ್ನು ಕತ್ತರಿಸಿ ಒಂದೊಂದು ಲಕೋಟೆಯಲ್ಲಿ ತುಂಬಿಡುತ್ತಿದ್ದರು. ಈ ಕೆಲಸವನ್ನು ಗಣಕಕ್ಕೆ ಒಪ್ಪಿಸುವ ಪ್ರಯತ್ನವನ್ನು ಮೆಲ್ಬರ್ನ್‌ನ ಲಾ ಟ್ರೋಬ್ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರಜ್ಞೆ ಲಿನ್ ರಿಚರ್ಡ್ಸ್ ಹಾಗೂ ಅವರ ಪತಿ ಟಾಮ್ ರಿಚರ್ಡ್ಸ್ 1980ರ ದಶಕದ ಆರಂಭದಲ್ಲಿ ಮಾಡಿದರು. ಆ ತಂತ್ರಾಂಶದ ಹೆಸರು ‘ನೂಡಿಸ್ಟ್’. ನಗಬೇಕಿಲ್ಲ, ಉದ್ದನೆಯ ಹೆಸರೊಂದರ ಮೊದಲಕ್ಷರಗಳನ್ನು ಜೋಡಿಸಿದಾಗ ಹಾಗಾಯಿತು. ಅದರ ಮುಂದುವರಿಕೆಯಾಗಿ 1999ರಲ್ಲಿ ಬಂದದ್ದೇ ಇಂದು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಮಂತ್ರದಂತೆ ಕೇಳಿಬರುವ ‘ಎನ್‌ವಿವೊ’. ಬರ್ಲಿನ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ‘ಅಟ್ಲಾಸ್ ಟಿಐ’, ಜರ್ಮನಿಯದೇ ಆದ ‘ಮ್ಯಾಕ್ಸ್‌ಕ್ಯೂಡಿಎ’ ಇದರ ಓರಗೆಯವು.

ಇವು ಮಾಡುವುದೇನು? ಸಂದರ್ಶನದ ಸಾಲೊಂದನ್ನು ಗುರುತು ಮಾಡಿ ಅದಕ್ಕೊಂದು ಹೆಸರು ಕೊಡುತ್ತೇವೆ. ‘ಸಾಲ’ ಎಂದೋ, ‘ಕೆಮ್ಮು’ ಎಂದೋ, ‘ಮಕ್ಕಳ ಓದು’ ಎಂದೋ. ಈ ಹೆಸರಿಗೆ ‘ಕೋಡ್’ ಎನ್ನುತ್ತಾರೆ, ಕನ್ನಡದಲ್ಲಿ ಸಂಕೇತ ಎನ್ನಬಹುದು. ಮುಂದೆ ‘ಸಾಲ’ ಎಂಬುದನ್ನು ಕ್ಲಿಕ್ಕಿಸಿದರೆ ಎಲ್ಲ ಸಂದರ್ಶನಗಳಿಂದಲೂ ಆ ಗುರುತಿನ ಸಾಲುಗಳು ಒಂದೆಡೆ ಬಂದು ನಿಲ್ಲುತ್ತವೆ. ಗೂಡುಗೂಡಾಗಿ ವಿಂಗಡಿಸಿಟ್ಟ ಹಳೆಯ ಅಂಚೆ ಕಚೇರಿಯ ಕಪಾಟಿನಂತೆ. ಯಾವ ಪತ್ರ ಯಾವ ಗೂಡಿಗೆ ಎಂದು ನಿರ್ಧರಿಸಬೇಕಾದವನು ಸಂಶೋಧಕನೇ. ಈ ಸರಳ ಸಂಗತಿಯನ್ನು ಹೇಳದೆ ‘ಎನ್‌ವಿವೊ ಬಳಸಿ ವಿಶ್ಲೇಷಿಸಲಾಗಿದೆ’ ಎಂಬ ವಾಕ್ಯವನ್ನು ಮಹಾಪ್ರಬಂಧದ ಮೂರನೆಯ ಅಧ್ಯಾಯದಲ್ಲಿ ಬರೆದು ಮುಂದೆ ಸಾಗುವವರ ಸಂಖ್ಯೆ ಬೆಳೆಯುತ್ತಿದೆ. ಇದು ‘ಕಪಾಟು ಬಳಸಿ ವಿಶ್ಲೇಷಿಸಲಾಗಿದೆ’ ಎಂದಷ್ಟೇ ಅರ್ಥಪೂರ್ಣ.

ತಂತ್ರಾಂಶ ಕಲಿಯಲೆಂದು ನಾನೂ ವಿದ್ಯಾರ್ಥಿನಿಯ ಜೊತೆಯಲ್ಲಿ ಎರಡು ದಿನಗಳ ಕಾರ್ಯಾಗಾರವೊಂದಕ್ಕೆ ಹೋಗಿ ಕುಳಿತೆ. ಎಲ್ಲಿಯದೆಂಬುದು ಮುಖ್ಯವಲ್ಲ, ಬಹುತೇಕ ಎಲ್ಲ ಕಾರ್ಯಾಗಾರಗಳೂ ಹೀಗೆಯೇ ಇರುತ್ತವೆ. ಅಭ್ಯಾಸಕ್ಕೆ ಕೊಟ್ಟದ್ದು ಎನ್‌ವಿವೊ ಜೊತೆಗೇ ಬರುತ್ತಿದ್ದ ಮಾದರಿ ಯೋಜನೆ: ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಕಡಲತೀರದ ಜನ ತಮ್ಮ ಪರಿಸರ ಬದಲಾಗುತ್ತಿರುವುದರ ಬಗ್ಗೆ ಆಡಿದ ಮಾತುಗಳು. ಒಳ್ಳೆಯ ಸಾಮಗ್ರಿಯೇ. ಆದರೆ ಸಮುದ್ರವನ್ನೇ ಕಾಣದ ಜಿಲ್ಲೆಗಳಿಂದ ಬಂದಿದ್ದ ನಲವತ್ತು ಮಂದಿ, ಆ ಬೆಸ್ತರ ಇಂಗ್ಲಿಷಿನ ಮೇಲೆ ಇಲಿಯನ್ನು ಓಡಿಸುತ್ತ, ಬೋಧಕರು ಮೊದಲೇ ಹೇಳಿಕೊಟ್ಟ ಸಂಕೇತಗಳನ್ನು ಹಚ್ಚಿದೆವು. ಎರಡನೆಯ ದಿನ ಸಂಜೆ ಪ್ರಮಾಣಪತ್ರ ಸಿಕ್ಕಿತು. ಕನ್ನಡದ ಸಂದರ್ಶನವೊಂದನ್ನು ತೆರೆದು ತೋರಿಸಿ ಎಂದು ಯಾರೂ ಕೇಳಲಿಲ್ಲ; ನಾನೂ ಕೇಳಲಿಲ್ಲ.

ಯುಜಿಸಿ 2009ರ ನಿಯಮಾವಳಿಯಲ್ಲಿ ಪಿಎಚ್.ಡಿ.ಗೆ ಕೋರ್ಸ್‌ವರ್ಕ್ ಕಡ್ಡಾಯ ಮಾಡಿದ ಮೇಲೆ ಸಂಶೋಧನಾ ವಿಧಾನದ ಪಾಠಕ್ಕೆ ಒಂದು ಸ್ಥಾನವಾದರೂ ಸಿಕ್ಕಿತು. ಆ ಪಾಠದಲ್ಲಿ ಇಂದಿಗೂ ಮಾದರಿ ಆಯ್ಕೆ, ಪ್ರಶ್ನಾವಳಿ, ಕೈ-ವರ್ಗ ಪರೀಕ್ಷೆಗಳದೇ ಮೇಲುಗೈ. ಸಂದರ್ಶನವೊಂದನ್ನು ಓದುವುದು ಹೇಗೆ ಎಂಬುದು ಕೊನೆಯ ಘಟಕದ ಕೊನೆಯ ಸಾಲಿನಲ್ಲಿರುತ್ತದೆ.

ಭಂಕೂರವನ್ನು ತಿಳಿಯದವರಿಗೆ ಒಂದು ಮಾತು. ಕಲಬುರಗಿ ಜಿಲ್ಲೆಯ ಶಹಾಬಾದ್‌ಗೆ ತಾಗಿದಂತಿರುವ ಊರು ಇದು. ಈ ಭಾಗದ ನೆಲದಡಿಯ ಸುಣ್ಣದ ಕಲ್ಲು ಪದರಪದರವಾಗಿ ಏಳುತ್ತದೆ. ‘ಶಹಾಬಾದ್ ಕಲ್ಲು’ ಎಂಬ ಹೆಸರಿನಲ್ಲಿ ಅದು ಕರ್ನಾಟಕ, ಮಹಾರಾಷ್ಟ್ರ, ಹೈದರಾಬಾದ್‌ಗಳ ಎಷ್ಟೋ ಮನೆಗಳ ನೆಲವಾಯಿತು, ಅಡುಗೆಮನೆಯ ಕಟ್ಟೆಯಾಯಿತು. ಅದೇ ಸುಣ್ಣದ ಕಲ್ಲನ್ನು ನೆಚ್ಚಿ ಶಹಾಬಾದ್, ವಾಡಿ, ಸೇಡಂ, ಮಳಖೇಡಗಳಲ್ಲಿ ಸಿಮೆಂಟ್ ಕಾರ್ಖಾನೆಗಳು ಎದ್ದವು. ಕಾರ್ಖಾನೆಗಳ ಉತ್ಪಾದನೆಗೆ ಲೆಕ್ಕವಿದೆ, ಖಣಿಗಳಿಂದ ಬರುವ ರಾಜಧನಕ್ಕೆ ಲೆಕ್ಕವಿದೆ. ಟೈಲ್ಸ್‌ಗಳು ಬಂದು ಫರಸಿಯ ಬೇಡಿಕೆ ಕುಗ್ಗಿದಾಗ ಕಲ್ಲು ಒಡೆಯುತ್ತಿದ್ದ ಕೈಗಳು ಎಲ್ಲಿಗೆ ಹೋದವು, ಧೂಳು ಕುಡಿದ ಎದೆಗಳು ಏನಾದವು ಎಂಬುದು ಮಾತಿನಲ್ಲಿ ಮಾತ್ರ ಉಳಿದಿದೆ. ಆಡಿದವರ ವಯಸ್ಸು ನೋಡಿದರೆ ಬಹಳ ಕಾಲ ಉಳಿಯುವಂಥದ್ದೂ ಅಲ್ಲ.

ಆ ಮಾತು ಎಂಥದು? ಅಲ್ಲಿ ಮನೆ ‘ಮನಿ’, ಹೊಟ್ಟೆ ‘ಹೊಟ್ಟಿ’. ಕನ್ನಡದ ಜೊತೆಗೆ ಉರ್ದು, ಮರಾಠಿ, ತೆಲುಗು ಸಲೀಸಾಗಿ ಬೆರೆತಿರುತ್ತವೆ. ಒಂದು ಗಂಟೆಯ ಧ್ವನಿಮುದ್ರಣವನ್ನು ಬರಹಕ್ಕಿಳಿಸಲು ನಾಲ್ಕಾರು ಗಂಟೆ ಬೇಕೆಂಬುದು ಸಾಮಾನ್ಯ ಲೆಕ್ಕ. ಈ ನುಡಿಗೆ ಅದೂ ಸಾಲದು. ಕೇಳಿದ್ದನ್ನು ಕೇಳಿದಂತೆ ಬರೆಯಬೇಕೋ, ಶಿಷ್ಟ ಕನ್ನಡಕ್ಕೆ ತಿದ್ದಬೇಕೋ? ನನ್ನ ವಿದ್ಯಾರ್ಥಿನಿ ಮೊದಲ ಸಂದರ್ಶನಗಳಲ್ಲಿ ತಿದ್ದಿದ್ದಳು, ನಂತರದವುಗಳಲ್ಲಿ ಬಿಟ್ಟಿದ್ದಳು. ಹೀಗಾಗಿ ಒಂದೇ ವಸ್ತು ಒಂದೆಡೆ ‘ಧೂಳು’, ಇನ್ನೊಂದೆಡೆ ‘ಧೂಳ’, ಮತ್ತೊಂದೆಡೆ ‘ದೂಳು’. (ಕೊನೆಯ ಜಗಳ ಪತ್ರಿಕಾ ಕಚೇರಿಗಳಲ್ಲೂ ಮುಗಿದಿಲ್ಲ.) ಓದುವ ಕಣ್ಣಿಗೆ ಮೂರೂ ಒಂದೇ. ಗಣಕಕ್ಕೆ ಮೂರು ಬೇರೆ ಬೇರೆ ಪದಗಳು.

ಆರಂಭದಲ್ಲಿ ಹೇಳಿದ ಅಕ್ಷರಗಳ ಅವಾಂತರ ಇದಕ್ಕಿಂತ ಹಳೆಯದು. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ದೊರೆತಿತ್ತು. ಆದರೂ ನಮ್ಮಲ್ಲಿ ದಶಕಗಳ ಕಾಲ ಬೆರಳಚ್ಚಾದ ಅಪಾರ ಸಾಮಗ್ರಿ ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ ಹಳೆಯ ಅಕ್ಷರಶೈಲಿಗಳಲ್ಲಿದೆ. ಆ ಅಕ್ಷರಶೈಲಿ ಕಳಚಿದೊಡನೆ ಕನ್ನಡವೂ ಕಳಚಿ ಬೀಳುತ್ತದೆ. ಪರಿವರ್ತಕಗಳಿವೆ. ಅವು ಹೆಚ್ಚಿನದನ್ನು ಸರಿಯಾಗಿ ತರುತ್ತವೆ, ಅರ್ಕಾವತ್ತು ಬಂದಲ್ಲಿ, ಒತ್ತಕ್ಷರ ಬಂದಲ್ಲಿ ಎಡವುತ್ತವೆ. ಕುಳಿತು ಸಾಲುಸಾಲಾಗಿ ತಿದ್ದುವುದರ ಹೊರತು ಬೇರೆ ದಾರಿಯಿಲ್ಲ. ಹೊಸದಾಗಿ ಆರಂಭಿಸುವವರು ಮೊದಲ ಅಕ್ಷರದಿಂದಲೇ ಯುನಿಕೋಡ್ ಬಳಸಿದರೆ ಈ ಪಾಡು ತಪ್ಪುತ್ತದೆ. ಇದನ್ನು ಹೇಳಲು ಕಾರ್ಯಾಗಾರದಲ್ಲಿ ಐದು ನಿಮಿಷ ಸಾಕಿತ್ತು.

ಅಕ್ಷರ ಸರಿಹೋದ ಮೇಲೆ ವ್ಯಾಕರಣ ಎದುರಾಯಿತು. ಇಂಗ್ಲಿಷಿನಲ್ಲಿ ‘ಸ್ಟೋನ್’ ಎಂದು ಹುಡುಕಿದರೆ ಹೆಚ್ಚುಕಡಿಮೆ ಎಲ್ಲ ಕಲ್ಲುಗಳೂ ಸಿಗುತ್ತವೆ. ಕನ್ನಡದಲ್ಲಿ ಕಲ್ಲು ಎಂಬುದು ಕಲ್ಲಿನ, ಕಲ್ಲಿಗೆ, ಕಲ್ಲಿಂದ, ಕಲ್ಲಾಗ, ಕಲ್ಲೊಡೆಯೋದು ಎಂದು ಪ್ರತ್ಯಯಗಳನ್ನು ಹೊತ್ತು ಬರುತ್ತದೆ. ಹುಡುಕಾಟವನ್ನು ‘ಕಲ್ಲ’ ಎಂಬ ಆರಂಭಕ್ಕೆ ಸಡಿಲಿಸಿ ನೋಡಿದೆವು. ‘ಕಲ್ಲಿನ’, ‘ಕಲ್ಲಿಗೆ’ ಬಂದವು. ಜೊತೆಗೆ ಕಲ್ಲಪ್ಪನೂ ಬಂದ, ಕಲ್ಲಂಗಡಿಯೂ ಬಂತು. ಬಾರದೆ ಹೋದದ್ದು ‘ಫರಸಿ’. ಭಂಕೂರದವರು ಆ ಕಲ್ಲನ್ನು ಅತಿ ಹೆಚ್ಚು ಸಲ ಕರೆದದ್ದು ಆ ಹೆಸರಿನಿಂದಲೇ.

ಈ ತೊಡಕುಗಳಿಂದ ಪಾರಾಗಲು ಹೆಚ್ಚಿನವರು ಹಿಡಿಯುವ ದಾರಿ ಒಂದಿದೆ: ಸಂದರ್ಶನವನ್ನೆಲ್ಲ ಮೊದಲು ಇಂಗ್ಲಿಷಿಗೆ ಭಾಷಾಂತರಿಸಿ, ಅನಂತರ ತಂತ್ರಾಂಶಕ್ಕೆ ಉಣಿಸುವುದು. ಮಹಾಪ್ರಬಂಧವೂ ಇಂಗ್ಲಿಷಿನಲ್ಲೇ ಇರುವಾಗ ಇದರಲ್ಲೇನು ತಪ್ಪು ಎಂದು ಕೇಳಬಹುದು. ನಾನು ಒಪ್ಪಲಾರೆ. ‘ಹೊಟ್ಟಿಪಾಡು’ ಎಂಬ ಮಾತನ್ನು ಗಮನಿಸಿ. ಇಂಗ್ಲಿಷಿನಲ್ಲಿ ಅದು ‘ಲೈವ್‌ಲಿಹುಡ್’ ಆಗುತ್ತದೆ. ‘ದುಡಿಮೆ’ಯೂ ಲೈವ್‌ಲಿಹುಡ್, ‘ಧಂದೆ’ಯೂ ಲೈವ್‌ಲಿಹುಡ್. ಯೋಜನಾ ವರದಿಗಳ ಆ ಸಭ್ಯ ಪದದಲ್ಲಿ ಹೊಟ್ಟೆಯೂ ಇಲ್ಲ, ಪಾಡೂ ಇಲ್ಲ. ಖಣಿಯ ಕೆಲಸವನ್ನು ಯಾರು ಧಂದೆ ಎಂದರು, ಯಾರು ಹೊಟ್ಟಿಪಾಡು ಎಂದರು ಎಂಬ ವ್ಯತ್ಯಾಸದಲ್ಲೇ ಆ ಸಂಶೋಧನೆಯ ಪ್ರಶ್ನೆ ಅಡಗಿದ್ದರೆ? ತಂತ್ರಾಂಶ ತೆರೆಯುವ ಮೊದಲೇ ಅದನ್ನು ಅಳಿಸಿಬಿಟ್ಟಿರುತ್ತೇವೆ. ಭಾಷಾಂತರ ಕಡೆಯಲ್ಲಿ ಆಗಲಿ, ಉಲ್ಲೇಖಿಸುವ ಸಾಲುಗಳಿಗೆ ಮಾತ್ರ ಆಗಲಿ. ಸಂಕೇತವನ್ನು ಕನ್ನಡದ ಮಾತಿಗೆ, ಕನ್ನಡದಲ್ಲೇ ಹಚ್ಚಬೇಕು. ಯುನಿಕೋಡ್ ಕನ್ನಡವನ್ನು ಈ ತಂತ್ರಾಂಶಗಳು ಯಾವ ತಕರಾರೂ ಇಲ್ಲದೆ ತೋರಿಸುತ್ತವೆ. ಪರವಾನಗಿಯ ಶುಲ್ಕ ಭರಿಸಲಾಗದವರಿಗೆ ‘ಟ್ಯಾಗೆಟ್’, ‘ಕ್ವಾಲ್‌ಕೋಡರ್’ ಎಂಬ ಉಚಿತ, ಮುಕ್ತ ತಂತ್ರಾಂಶಗಳಿವೆ. ಒಬ್ಬ ವಿದ್ಯಾರ್ಥಿಯ ಕೆಲಸಕ್ಕೆ ಅವು ಸಾಕು.

ಇಲ್ಲಿ ಎಂ.ಎನ್. ಶ್ರೀನಿವಾಸರ ನೆನಪಾಗುತ್ತದೆ. ಮೈಸೂರು ಸೀಮೆಯ ಕೊಡಗಹಳ್ಳಿಯಲ್ಲಿ 1948ರಲ್ಲಿ ಅವರು ಮಾಡಿದ ಕ್ಷೇತ್ರಕಾರ್ಯದ ಟಿಪ್ಪಣಿಗಳು, ಹದಿನೆಂಟು ವರ್ಷಗಳ ಕಾಲ ವಿಂಗಡಿಸಿ ಸಂಸ್ಕರಿಸಿದವು, ಮೂರೂ ಪ್ರತಿಗಳ ಸಮೇತ 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಅಧ್ಯಯನ ಕೇಂದ್ರದಲ್ಲಿ ದುಷ್ಕರ್ಮಿಗಳು ಹಚ್ಚಿದ ಬೆಂಕಿಗೆ ಸಿಲುಕಿದವು. ಆನಂತರ ಬಹುಮಟ್ಟಿಗೆ ನೆನಪಿನಿಂದಲೇ ಅವರು ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಪ್ರಕಟವಾಯಿತು. ಈ ಪ್ರಸಂಗವನ್ನು ಕೇಳಿ ‘ನೋಡಿ, ಟಿಪ್ಪಣಿಯೇ ಬೇಕಿಲ್ಲ’ ಎನ್ನುವ ರಸಿಕರಿದ್ದಾರೆ. ನನಗನ್ನಿಸುವುದು ಬೇರೆ. ಹದಿನೆಂಟು ವರ್ಷ ಆ ಟಿಪ್ಪಣಿಗಳನ್ನು ಎತ್ತಿ, ಓದಿ, ಬೇರ್ಪಡಿಸಿ, ಮತ್ತೆ ಓದಿದ್ದರಿಂದಲೇ ರಾಮಪುರ ಎಂದು ಅವರು ಕರೆದ ಆ ಹಳ್ಳಿ ಅವರ ಒಳಗೆ ಉಳಿದಿತ್ತು. ವಿಂಗಡಣೆ ಎಂಬುದು ಗುಮಾಸ್ತಿಕೆಯಲ್ಲ, ಅದು ಓದಿನ ಒಂದು ಕ್ರಮ. ಗ್ಲೇಸರ್ ಮತ್ತು ಸ್ಟ್ರಾಸ್ 1967ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ, ಸಂಕೇತ ಹಚ್ಚುತ್ತಿರುವಾಗಲೇ ಕೈತಡೆದು ಮನಸ್ಸಿಗೆ ಬಂದದ್ದನ್ನು ಟಿಪ್ಪಣಿ ಮಾಡಿಕೊಳ್ಳಬೇಕೆಂದದ್ದೂ ಇದಕ್ಕಾಗಿಯೇ. ತಂತ್ರಾಂಶಗಳಲ್ಲಿ ‘ಮೆಮೊ’ ಎಂಬ ಜಾಗ ಇದಕ್ಕೆಂದೇ ಇದೆ. ಪದಮೋಡ ಕಟ್ಟಲು ಕಲಿತವರು ಹಲವರು, ಮೆಮೊ ತೆರೆದವರು ಕೆಲವರು.

ಈಗ ಕೃತಕ ಬುದ್ಧಿಮತ್ತೆಯ ಕಾಲ. ಅಟ್ಲಾಸ್ ಟಿಐ 2023ರಲ್ಲಿ ಸಂಕೇತಗಳನ್ನು ತಾನೇ ಹಚ್ಚಿಕೊಡುವ ಸೌಲಭ್ಯ ತಂದಿತು. ಉಳಿದವೂ ಅದೇ ದಾರಿ ಹಿಡಿದಿವೆ. ಭಾಷೆಯ ತೊಡಕನ್ನು ಇವು ಕ್ರಮೇಣ ದಾಟಬಹುದು. ಆದರೆ ಇಂಥ ಸೌಲಭ್ಯಕ್ಕೆ ಸಂದರ್ಶನದ ಪಠ್ಯ ಹೊರಗಿನ ಸರ್ವರ್‌ಗೆ ಹೋಗಬೇಕಾಗುತ್ತದೆ. ಗುತ್ತಿಗೆದಾರನ ಬಗ್ಗೆ, ಮುಂಗಡದ ಬಗ್ಗೆ, ಕೊಡದೆ ಉಳಿಸಿಕೊಂಡ ಕೂಲಿಯ ಬಗ್ಗೆ ನಂಬಿ ಮಾತನಾಡಿದ ಹೆಂಗಸಿನಿಂದ ಇದಕ್ಕೆ ಒಪ್ಪಿಗೆ ಪಡೆದಿದ್ದೇವೆಯೇ? ಓದುವ ಶ್ರಮವನ್ನೇ ಯಂತ್ರಕ್ಕೆ ವಹಿಸಿದರೆ ಸಂಶೋಧಕನಿಗೆ ಉಳಿಯುವುದೇನು ಎಂಬ ಪ್ರಶ್ನೆ ಬೇರೆ.

ಅಕ್ಷರಗಳನ್ನೆಲ್ಲ ತಿದ್ದಿ, ಇಂಗ್ಲಿಷ್ ಸಂಕೇತಗಳನ್ನು ಅಳಿಸಿ, ವಿದ್ಯಾರ್ಥಿನಿ ಮತ್ತೆ ಮೊದಲಿನಿಂದ ಆರಂಭಿಸಿದಳು. ಈ ಸಲ ಪಠ್ಯದ ಜೊತೆಗೆ ಧ್ವನಿಮುದ್ರಣವನ್ನೂ ಕೇಳುತ್ತ ಹೋದಳು. ಬೆರಳಚ್ಚು ಮಾಡುವಾಗ ಅಲ್ಲಲ್ಲಿ ಮೂರು ಚುಕ್ಕಿಯಿಟ್ಟು ದಾಟಿದ್ದ ಕಡೆಗಳಲ್ಲಿ ಈಗ ನಿಂತಳು. ಒಂದು ಚುಕ್ಕಿಯ ಹಿಂದೆ ಬಾಗಿಲ ಬಳಿ ಮೋಟರ್‌ಸೈಕಲ್ ಬಂದು ನಿಂತ ಸದ್ದಿತ್ತು. ಅಲ್ಲಿಗೆ ಆ ಹೆಂಗಸಿನ ಮಾತು ಕೂಲಿಯಿಂದ ಮಳೆಯ ಕಡೆಗೆ ಹೊರಳಿತ್ತು. ‘ಸುಮ್ಮನಾದದ್ದು’ ಎಂಬ ಹೊಸ ಸಂಕೇತವೊಂದು ಹುಟ್ಟಿತು. ಯಾವ ಪದ ಹುಡುಕಾಟಕ್ಕೂ ಸಿಗದ ಆ ಮೌನಗಳನ್ನು ಬೇರೆ ಬೇರೆ ಸಂದರ್ಶನಗಳಿಂದ ಹೆಕ್ಕಿ, ಕ್ಷಣಮಾತ್ರದಲ್ಲಿ ಒಂದೇ ಪರದೆಯ ಮೇಲೆ ಸಾಲಾಗಿ ತಂದು ನಿಲ್ಲಿಸಿದ್ದು ಅದೇ ತಂತ್ರಾಂಶ. ಒಟ್ಟು ಒಂಬತ್ತು ಕಡೆ. ಅವುಗಳಲ್ಲಿ ಆರು, ಕೂಲಿಯ ಪ್ರಶ್ನೆ ಕೇಳಿದಾಗಿನವು. ಮುಂದಿನ ವಾರ ಅವಳು ಮತ್ತೆ ಭಂಕೂರಕ್ಕೆ ಹೋಗುವವಳಿದ್ದಾಳೆ, ಈ ಬಾರಿ ಧ್ವನಿಮುದ್ರಕವನ್ನು ಒಯ್ಯದೆ.