ಬಣ್ಣಕ್ಕೆ ಮುನ್ನ

ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುವವನು ಬೀದಿಗೆ ಬರುತ್ತಿದ್ದ ಕಾಲವನ್ನು ವಾಚಕರಲ್ಲಿ ಹಿರಿಯರಾದವರು ಮರೆತಿರಲಾರರು. ಅವನು ಬಂದೊಡನೆ ತವರವನ್ನು ಕೈಗೆತ್ತಿಕೊಳ್ಳುತ್ತಿದ್ದನೆ? ಇಲ್ಲ. ಮೊದಲು ಪಾತ್ರೆಗೆ ಮರಳು ಹಾಕಿ, ಅದರೊಳಗೆ ನಿಂತು, ಕಾಲಿನಿಂದ ತಿರುಚಿ ತಿರುಚಿ ಉಜ್ಜುತ್ತಿದ್ದ. ಬಳಿಕ ಕಾಯಿಸಿ ನವಸಾಗರದ ಪುಡಿ ಎರಚುತ್ತಿದ್ದ. ಹೊಗೆಯೆದ್ದು ಲೋಹ ಥಳಥಳಿಸಿದ ಮೇಲೆಯೇ ತವರದ ಸರದಿ. ಅದನ್ನು ಸವರುವುದು ಕ್ಷಣಮಾತ್ರದ ಕೆಲಸ. ಶ್ರಮವೆಲ್ಲ ಅದಕ್ಕೆ ಮುಂಚಿನದು.

ಯಂತ್ರದ ಭಾಗಕ್ಕೆ ಬಣ್ಣ ಹಚ್ಚುವವರಿಗೂ ಇದೇ ಪಾಠ. ನಾನು ಅದನ್ನು ತಪ್ಪು ಮಾಡಿ ಕಲಿತೆ.

ನಮ್ಮ ಮನೆಯಲ್ಲಿ ತಂದೆಯವರು ಓಡಿಸುತ್ತಿದ್ದ ಜಾವಾ ಮೋಟಾರು ಸೈಕಲ್ಲೊಂದಿದೆ. ಮೈಸೂರಿನ ಕಾರ್ಖಾನೆಯಲ್ಲಿ 1961ರಲ್ಲಿ ಆರಂಭವಾಗಿ, 1973ರಿಂದ ಯೆಜ್ಡಿ ಎಂಬ ಹೆಸರು ಪಡೆದು, 1996ರಲ್ಲಿ ತಯಾರಿಕೆ ನಿಂತುಹೋದ ಸಂತತಿಗೆ ಸೇರಿದ್ದು ಅದು. ತಂದೆಯವರ ಮೊದಲ ವರ್ಷದ ತಿಥಿಗೆ ನೆಂಟರು ಬರುವ ಮುನ್ನ ಅದು ಲಕ್ಷಣವಾಗಿ ಕಾಣಲೆಂದು, ಸಿಲಿಂಡರನ್ನು ಬಟ್ಟೆಯಿಂದ ಒರೆಸಿ ಕಪ್ಪು ಬಣ್ಣ ಬಳಿದೆ. ಹದಿನೈದು ದಿನ ಓಡಿಸುವಷ್ಟರಲ್ಲಿ ಅದು ಗುಳ್ಳೆಯೆದ್ದು ಈರುಳ್ಳಿ ಸಿಪ್ಪೆಯಂತೆ ಉದುರಿತು. ನಾನು ಬಣ್ಣದ ಡಬ್ಬಿಯನ್ನು ಬೈದೆ. ನಮ್ಮ ತಾಯಿ ಮಾತ್ರ, “ನಿಮ್ಮಪ್ಪ ತೊಳೆಯದೆ ಯಾವುದಕ್ಕೂ ಬಣ್ಣ ಮುಟ್ಟಿಸಿದವರಲ್ಲ ಕಣೋ” ಎಂದರು. ಉದುರಿದ ಚಕ್ಕೆಯೊಂದನ್ನು ಮಗುಚಿ ನೋಡಿದೆ. ಅದರ ಬೆನ್ನಿಗೆ ಎಣ್ಣೆಯ ಜಿಡ್ಡೂ ತುಕ್ಕಿನ ಪುಡಿಯೂ ಮೆತ್ತಿದ್ದುವು. ಬಣ್ಣವು ಅಂಟಿಕೊಂಡೇ ಇತ್ತು. ಆದರೆ ಕೊಳೆಗೆ ಅಂಟಿಕೊಂಡಿತ್ತು, ಕಬ್ಬಿಣಕ್ಕಲ್ಲ.

ಇಡೀ ವಿಷಯದ ತಿರುಳು ಇಷ್ಟೆ. ಇನ್ನು ಕ್ರಮವನ್ನು ನೋಡೋಣ.

ಈ ಗಾಡಿಯ ಸಿಲಿಂಡರು ಬೀಡುಕಬ್ಬಿಣದ್ದು. ಶಾಖವನ್ನು ಗಾಳಿಗೆ ಬಿಟ್ಟುಕೊಡಲೆಂದು ಅದರ ಸುತ್ತ ತೆಳುವಾದ ರೆಕ್ಕೆಗಳಿವೆ. ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ಇಂಜಿನ್ನಾದ್ದರಿಂದ ರೆಕ್ಕೆಗಳ ಸಂದಿಯಲ್ಲಿ ಜಿಡ್ಡೂ ಧೂಳೂ ಸೇರಿ ಗಟ್ಟಿಯಾಗಿರುತ್ತವೆ. ಮೆಕ್ಯಾನಿಕ್ಕಿನಿಂದ ಸಿಲಿಂಡರನ್ನು ಬಿಚ್ಚಿಸಿಕೊಂಡ ಮೇಲೆ ಮೊದಲು ಹೋಗಬೇಕಾದದ್ದು ಜಿಡ್ಡು, ತುಕ್ಕಲ್ಲ. ಜಿಡ್ಡಿರುವಾಗಲೇ ತಂತಿಯ ಬ್ರಷ್ಷಿನಿಂದ ಉಜ್ಜಿದರೆ ಎಣ್ಣೆ ಎಲ್ಲೆಡೆಗೂ ಹರಡಿ, ಲೋಹದ ಒರಟು ಮೈಯೊಳಗೆ ಇನ್ನಷ್ಟು ಇಳಿಯುತ್ತದೆ.

ಸಿಲಿಂಡರನ್ನು ಸೀಮೆಎಣ್ಣೆಯಲ್ಲಿ ನೆನೆಯಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಂದಿಸಂದಿಯನ್ನೂ ತಿಕ್ಕಿರಿ. ಪೆಟ್ರೋಲು ಬೇಡ. ಅದರ ಆವಿ ನೆಲದ ಮೇಲೆ ಹರಿದು, ದೂರದ ಒಲೆಯ ಬೆಂಕಿಯನ್ನೂ ಮುಟ್ಟಿ ಹೊತ್ತಿಕೊಳ್ಳಬಲ್ಲದು. ಸೀಮೆಎಣ್ಣೆಯನ್ನೂ ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ ಬಳಸಿರಿ. ಕಾಸ್ಟಿಕ್ ಸೋಡದ ನೀರು ಕಬ್ಬಿಣಕ್ಕೆ ನಡೆದೀತು. ಆದರೆ ಅದರ ಮೇಲಿನ ಅಲ್ಯೂಮಿನಿಯಂ ತಲೆಭಾಗವನ್ನು ಮರೆತೂ ಅದರಲ್ಲಿ ಅದ್ದಬೇಡಿ. ಅದು ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ, ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲವನ್ನೂ ಹೊರಡಿಸುತ್ತದೆ.

ಸೀಮೆಎಣ್ಣೆಯೂ ಒಂದು ಎಣ್ಣೆಯೇ. ಅದನ್ನು ಸಾಬೂನಿನ ಬಿಸಿನೀರಿನಿಂದ ತೊಳೆದು ತೆಗೆಯಬೇಕು. ಆಮೇಲೆ ಪರೀಕ್ಷೆ. ಶುದ್ಧವಾದ ನೀರನ್ನು ಮೇಲಿನಿಂದ ಸುರಿಯಿರಿ. ನೀರು ತೆಳುವಾದ ಹಾಳೆಯಂತೆ ಒಡೆಯದೆ ನಿಂತರೆ ಜಿಡ್ಡು ಹೋಗಿದೆ. ಕೆಸುವಿನ ಎಲೆಯ ಮೇಲಿನಂತೆ ಹನಿಹನಿಯಾಗಿ ಒಡೆದರೆ ಇನ್ನೂ ಇದೆ. ಕಣ್ಣು ಮೋಸ ಹೋದೀತು, ನೀರು ಹೋಗದು. ತೃಪ್ತಿಯಾಗುವವರೆಗೆ ಮತ್ತೆ ತೊಳೆಯಿರಿ.

ತೊಳೆದ ಕಬ್ಬಿಣ ಕೂಡಲೇ ತುಕ್ಕು ಹಿಡಿಯುತ್ತದೆ. ಆದಕಾರಣ ಕಡೆಯ ನೀರು ಚೆನ್ನಾಗಿ ಬಿಸಿಯಾಗಿರಲಿ. ಲೋಹ ತನ್ನ ಕಾವಿನಿಂದಲೇ ಒಣಗುತ್ತದೆ. ಸಂದಿಯ ತೇವವನ್ನು ಸೈಕಲ್ ಪಂಪಿನಿಂದ ಊದಿ, ಬಿಸಿಲಿಗಿಡಿ. ಬಿಸಿಗೆ ಒಳಗಿನ ಎಣ್ಣೆ ಬೆವರಿನಂತೆ ಹೊರಬರುವುದುಂಟು. ಬಂದರೆ ಒರೆಸಿ ಮತ್ತೆ ತೊಳೆಯುವುದೇ ದಾರಿ.

ಈಗ ರಕ್ಷಣೆಯ ಕೆಲಸ. ಪಿಸ್ಟನ್ನು ಓಡಾಡುವ ಒಳಮೈಗೆ ತೆಳುವಾಗಿ ಎಣ್ಣೆ ಸವರಿ, ಬಟ್ಟೆ ತುರುಕಿ ಮುಚ್ಚಿರಿ. ಗ್ಯಾಸ್ಕೆಟ್ ಕೂರುವ ಮುಖ, ಬೋಲ್ಟಿನ ರಂಧ್ರ, ಹೊಗೆಯ ದ್ವಾರ ಇವುಗಳಿಗೆ ಕಾಗದದ ಅಂಟುಪಟ್ಟಿ ಅಂಟಿಸಿರಿ. ಉಜ್ಜುವ ಪುಡಿ ಒಳಗೆ ಉಳಿದರೆ ಹೊರಗಿನ ಅಂದಕ್ಕಾಗಿ ಇಂಜಿನ್ನನ್ನೇ ಕಳೆದುಕೊಂಡಂತಾದೀತು.

ಬಳಿಕ ತಂತಿಯ ಬ್ರಷ್ಷು, ಎಮರಿ ಕಾಗದಗಳಿಂದ ತುಕ್ಕನ್ನೂ ಸಡಿಲವಾದ ಹಳೆಯ ಬಣ್ಣವನ್ನೂ ತೆಗೆಯಿರಿ. ತುಕ್ಕು ತೇವವನ್ನು ಹೀರಿ ಹಿಡಿಯುತ್ತದೆ. ಬಣ್ಣದಡಿ ಉಳಿದರೆ ಗೆದ್ದಲಿನಂತೆ ಮರೆಯಲ್ಲೇ ಬೆಳೆಯುತ್ತದೆ. ಕನ್ನಡಿಯ ನುಣುಪು ಬೇಕಿಲ್ಲ. ಸ್ವಲ್ಪ ಒರಟಾದ ಮೈಯೇ ಬಣ್ಣಕ್ಕೆ ಹಿಡಿತ ಕೊಡುತ್ತದೆ. ಕೊನೆಗೆ ಥಿನ್ನರಿನಲ್ಲಿ ಅದ್ದಿದ ಶುಭ್ರವಾದ ಬಟ್ಟೆಯಿಂದ ಒರೆಸಿರಿ. ಆಮೇಲೆ ಬರಿಗೈಯಿಂದ ಮುಟ್ಟಬೇಡಿ, ಬೆರಳಿನ ಬೆವರೂ ಜಿಡ್ಡೂ ಸಾಕು ಕೆಡಿಸಲು.

ಅದೇ ದಿನ, ಆದಷ್ಟು ಬೇಗ ಬಣ್ಣ ಹಚ್ಚಿರಿ. ಬಾಗಿಲಿನ ಬಣ್ಣವಲ್ಲ, ಶಾಖ ತಡೆಯುವ ಇಂಜಿನ್ ಬಣ್ಣ. ಮಂದವಾದ ಒಂದು ಲೇಪಕ್ಕಿಂತ ತೆಳುವಾದ ಎರಡು ಮೇಲು. ಮಂದ ಲೇಪ ರೆಕ್ಕೆಗಳ ಶಾಖ ಹೊರಹೋಗಲು ಅಡ್ಡಿ. ಇಂಥ ಬಣ್ಣಗಳಲ್ಲಿ ಅನೇಕವು ಕಾವು ತಗುಲಿಯೇ ಗಟ್ಟಿಯಾಗುತ್ತವೆ. ಡಬ್ಬಿಯ ಮೇಲಿನ ಸೂಚನೆಯನ್ನು ಓದಿ ನಡೆಯಿರಿ. ಜೋಡಿಸುವ ಮುನ್ನ ಪಟ್ಟಿಗಳನ್ನು ಕಿತ್ತು, ಒಳಮೈಯನ್ನು ಮತ್ತೊಮ್ಮೆ ಶುದ್ಧಗೊಳಿಸಿ ಎಣ್ಣೆ ಸವರಿರಿ.

ಎರಡನೆಯ ಸಲ ನಾನು ತೊಳೆಯುವುದಕ್ಕೂ ಉಜ್ಜುವುದಕ್ಕೂ ಎರಡು ಭಾನುವಾರಗಳನ್ನು ಕೊಟ್ಟೆ. ಬಣ್ಣ ಬಳಿದದ್ದು ಅರ್ಧ ಗಂಟೆ. ಅನಂತರ ನಾಲ್ಕು ಮಳೆಗಾಲಗಳು ಕಳೆದಿವೆ. ಬಣ್ಣ ಸ್ವಲ್ಪ ಮಂಕಾಗಿದೆ, ಉದುರಿಲ್ಲ. ಆ ಹಳೆಯ ಚಕ್ಕೆಯನ್ನು ಬೆಂಕಿಪೆಟ್ಟಿಗೆಯೊಂದರಲ್ಲಿ ಇಟ್ಟುಕೊಂಡಿದ್ದೇನೆ. ಯಾವ ಕೆಲಸದಲ್ಲಾದರೂ ಅವಸರ ಹುಟ್ಟಿದಾಗ ಅದನ್ನು ತೆಗೆದು, ಬೆನ್ನು ಮೇಲಾಗಿ ಮಗುಚಿ ನೋಡುತ್ತೇನೆ.